ಐವತ್ತೊಂಬತ್ತು ಸಾಲು

ಟೈಲ್ಸ್ ಮೇಸ್ತ್ರಿಯ ಎರಡೂ ಮೊಣಕಾಲುಗಳ ಮೇಲೆ ದಪ್ಪನೆಯ ಕಪ್ಪು ಜಡ್ಡು ಕಟ್ಟಿತ್ತು. ದಿನವಿಡೀ ಮಂಡಿಯೂರಿ ಮಾಡುವ ಕೆಲಸ. ಕಿವಿಯ ಮೇಲೆ ಸದಾ ಒಂದು ಮೊಂಡು ಪೆನ್ಸಿಲು. ತೊಂಬತ್ತೊಂಬತ್ತರಲ್ಲಿ, ನಾನು ಗಣಿತ ಕಲಿಸುತ್ತಿದ್ದ ಕಾರ್ಕಳದ ಹೈಸ್ಕೂಲಿನ ಹೊಸ ಪ್ರಯೋಗಾಲಯಕ್ಕೆ ನೆಲ ಹಾಸಲು ಬಂದಿದ್ದರು. ಊರು ಬಾಗಲಕೋಟೆಯ ಕಡೆ. ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವರು. ಆದರೂ ನಾನು ಅವರನ್ನು ಮಾತಾಡಿಸುತ್ತಿದ್ದದ್ದು ಏಕವಚನದಲ್ಲೇ.

ಗಾರೆ ಕಲಸುವ ಮೊದಲು ಟೈಲುಗಳನ್ನು ಬರಿದೇ ಜೋಡಿಸಿ ನೋಡುತ್ತಿದ್ದರು. “ಬಾಗಲದಾಗ ತುಂಡು ಬರಬಾರ್ದ್ರೀ ಸರ,” ಎನ್ನುವರು. ಇಷ್ಟು ಟೈಲು ಎಂದರೆ ಸಾಕು, ಎಷ್ಟು ಸಾಲು ಮಾಡಿದರೆ ಒಂದೂ ಉಳಿಯುವುದಿಲ್ಲ ಎಂದು ಬಾಯಲ್ಲೇ ಲೆಕ್ಕ ಒಪ್ಪಿಸುವರು. ಒಂದೇ ಉದ್ದ ಸಾಲು ಬಿಟ್ಟರೆ ಬೇರೆ ಹೇಗೂ ಕೂರದ ಸಂಖ್ಯೆಗೆ ಅವರಿಟ್ಟ ಹೆಸರು ‘ಹಟಮಾರಿ’. ನಾವು ಪಾಠದಲ್ಲಿ ಅವಿಭಾಜ್ಯ ಎನ್ನುವುದೂ ಅದನ್ನೇ.

ಪಕ್ಕದ ಕೋಣೆಯಲ್ಲಿ ನನ್ನ ಪಾಠ. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರನ್ನು ಗುಣಿಸಿ ಒಂದು ಕೂಡಿಸಿದೆ: 30031. ಇವುಗಳಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತದೆ, ಆದ್ದರಿಂದ ಇದು ಅವಿಭಾಜ್ಯ ಎಂದು ಮೇಜು ಕುಟ್ಟಿ ಹೇಳಿದೆ. ಹದಿಮೂರರಿಂದಾಚೆಯೂ ಸಂಖ್ಯೆಗಳಿವೆ ಎಂಬುದು ಮಹಾ ಪಂಡಿತನಾದ ನನಗೆ ಹೊಳೆದಿರಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಮೇಸ್ತ್ರಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದರು. ಕೈಯಲ್ಲಿ ಒಡೆದ ಟೈಲು, ಅದರ ಹಿಂಬದಿ ತುಂಬ ಪೆನ್ಸಿಲಿನ ಲೆಕ್ಕ.

“ಸರ, ನೀವು ನಿನ್ನೆ ಹೇಳಿದ ನಂಬರ್ ಹಟಮಾರಿ ಅಲ್ರೀ. ಐವತ್ತೊಂಬತ್ತು ಸಾಲು ಹಾಕ್ರಿ, ಸಾಲಿಗೆ ಐನೂರಾ ಒಂಬತ್ತು. ಒಂದೂ ಉಳಿಯಂಗಿಲ್ಲ.”

ಉಳಿದ ಮಾಸ್ತರುಗಳೆಲ್ಲ ತಿರುಗಿ ನೋಡಿದರು. “ನೀನು ನಿನ್ನ ಕೆಲಸ ನೋಡು ಮಾರಾಯ,” ಎಂದೆ. ಟೈಲನ್ನು ಬಾಗಿಲ ಬಳಿ ಇಟ್ಟು ಹೋದರು. ಆಮೇಲೆ ಗುಣಿಸಿ ನೋಡಿದೆ. ಸರಿಯಾಗಿತ್ತು.

ಮಾರನೆಯ ದಿನ ಬೋರ್ಡಿನ ಮೇಲೆ 59 × 509 ಎಂದು ಬರೆದು, “ನಿಮ್ಮಲ್ಲಿ ಯಾರಾದರೂ ಹಿಡಿಯುತ್ತೀರಾ ಎಂದು ಬೇಕೆಂದೇ ತಪ್ಪು ಹೇಳಿದ್ದೆ. ಒಬ್ಬರಿಗೂ ಗೊತ್ತಾಗಲಿಲ್ಲ ಅಲ್ವಾ?” ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ನಾಚಿಕೆಗೆಟ್ಟ ನನಗೆ ಅದು ಖುಷಿಯನ್ನೇ ಕೊಟ್ಟಿತು. ಪಕ್ಕದಲ್ಲಿ ಟೈಲು ಕತ್ತರಿಸುವ ಯಂತ್ರ ಕಿರುಚುತ್ತಿತ್ತು. ಮೇಸ್ತ್ರಿಗೆ ಏನೂ ಕೇಳಿಸಿರಲಿಕ್ಕಿಲ್ಲ.

ಕೆಲಸ ಮುಗಿದ ದಿನ ಅಂಜುತ್ತಲೇ ಬಂದು ಕೇಳಿದರು. “ಹುಡುಗರಿಗೆ ತಿದ್ದಿ ಹೇಳಿದ್ರೇನ್ರೀ ಸರ?”

“ಹೇಳಿದೆ. ನಿನ್ನ ಹೆಸರು ಹೇಳಿಯೇ ಹೇಳಿದೆ.”

ಅವರ ಮುಖ ಅರಳಿತು. ಕೈ ಮುಗಿದು ಹೋದರು.

ಎಂಟು ವರ್ಷಗಳ ಬಳಿಕ ಕಾಪುವಿನಲ್ಲಿ ಮನೆ ಕಟ್ಟಿಸಿದೆ. ನೆಲ ಹಾಸಲು ಬಂದವನು ಆ ಮೇಸ್ತ್ರಿಯ ಅಳಿಯ ಎಂದು ನನಗೆ ಮೊದಲು ಗೊತ್ತಿರಲಿಲ್ಲ. ಮಾತಿನ ನಡುವೆ ನಾನು ಕಾರ್ಕಳದಲ್ಲಿ ಗಣಿತ ಕಲಿಸುತ್ತಿದ್ದೆ ಎಂದದ್ದೇ ತಡ, ಕೈಯ ಕರಣೆ ಕೆಳಗಿಟ್ಟ.

“ಮಾವ ಹೋದ ವರ್ಷ ತೀರಿಕೊಂಡ್ರು ಸರ. ಉಡುಪಿ, ಮಣಿಪಾಲ, ಯಾವ ಸೈಟಿಗೆ ಹೋದ್ರೂ ಅದನ್ನೇ ಹೇಳೋರು. ಕಾರ್ಕಳದ ಸಾಲ್ಯಾಗ ಗಣಿತದ ಮಾಸ್ತರು ಅಷ್ಟೂ ಹುಡುಗರ ಮುಂದ ನನ್ನ ಹೆಸರು ತಗೊಂಡಾರ ಅಂತ. ಅವರು ನೀವೇ ಏನ್ರೀ?”

ಹೌದೆಂದು ತಲೆಯಾಡಿಸಿದೆ. ಹೇಳುವ ಮನಸ್ಸು ಇದ್ದಿದ್ದರೂ ಅಂದು ನನಗೆ ಅವರ ಹೆಸರು ಹೇಳಲು ಆಗುತ್ತಿರಲಿಲ್ಲ. ಒಂದು ತಿಂಗಳು ಪಕ್ಕದ ಕೋಣೆಯಲ್ಲಿದ್ದವರ ಹೆಸರು ಏನೆಂದು ನಾನು ಕೇಳಿಯೇ ಇರಲಿಲ್ಲ. ಈಗಲಾದರೂ ಕೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಳಿಯ ಬಗ್ಗಿ ನನ್ನ ಕಾಲು ಮುಟ್ಟಿದ. ಆಮೇಲೆ ಕೇಳುವ ಧೈರ್ಯ ಬರಲಿಲ್ಲ.