ಕಲೀಪಾಕ್ಕ ಒತ್ತಿದ ‘ಹೌದು’

ನಾರಿನ್ ಕಣಿವೆಯ ನಮ್ಮೂರಿನಲ್ಲಿ ಕಲೀಪಾಕ್ಕ ಸೂಜಿ ಚುಚ್ಚದ ತೊಡೆ ಇಲ್ಲ. ಇಪ್ಪತ್ತಾರು ವರ್ಷದಿಂದ ಅವಳೇ ನರ್ಸು, ನಾನು ಅವಳ ಆಯಾ. ಅವಳ ಬಾಯಿ ಜೋರು, ಮನಸ್ಸು ಬೆಣ್ಣೆ.

ಮೂರು ವರ್ಷದ ಹಿಂದೆ ಜಿಲ್ಲೆಯಿಂದ ಒಂದು ಟ್ಯಾಬ್ಲೆಟ್ ಬಂತು. ಮಕ್ಕಳ ಕೈಕಾಲಿನ ಕಸುವು ಅಳೆಯುವ ಪರೀಕ್ಷೆ ಅದರಲ್ಲಿತ್ತು. ‘ಹೌದು’ ಒತ್ತಿದರೆ ಮುಂದಿನ ಪ್ರಶ್ನೆ ಕಠಿಣ, ‘ಇಲ್ಲ’ ಎಂದರೆ ಸುಲಭ. ಹತ್ತು ಪ್ರಶ್ನೆಯೊಳಗೆ ಹಸಿರೋ ಕೆಂಪೋ ತೋರಿಸಿ ಮುಗಿಸುತ್ತದೆ. ಕೆಂಪು ಬಂದರೆ ಜಿಲ್ಲಾ ಆಸ್ಪತ್ರೆಗೆ.

ನಮ್ಮವರಿಗೋ ದೃಷ್ಟಿಯ ಭಯ. ಕುರಿಮರಿ ಅಟ್ಟಿಸಿಕೊಂಡು ಓಡುವ ಮೊಮ್ಮಗನನ್ನೇ ತೋರಿಸಿ, “ಇದಾ? ಕೂತ್ಕೊಳ್ಳೋಕೂ ಬರಲ್ಲ, ದಂಡಪಿಂಡ” ಎನ್ನುತ್ತಾರೆ ಅಜ್ಜಿಯರು. ಮೊದಲ ತಿಂಗಳು ಊರಿನ ಅರ್ಧ ಮಕ್ಕಳಿಗೆ ಕೆಂಪು. “ಏನಮ್ಮಾ, ನಿಮ್ಮೂರಲ್ಲಿ ಮಕ್ಕಳು ಹುಟ್ತಾವೋ, ಹಿಟ್ಟಿನ ಮೂಟೆ ಹುಟ್ತಾವೋ?” ಎಂದು ಅಲ್ಲಿನ ಡಾಕ್ಟರು ಫೋನಿನಲ್ಲಿ ಹಂಗಿಸಿದರು. ಅಂದಿನಿಂದ ಅಜ್ಜಿಯರು ‘ಇಲ್ಲ’ ಎಂದರೆ ಅಕ್ಕ ‘ಹೌದು’ ಒತ್ತತೊಡಗಿದಳು. ಮಗು ಕಣ್ಣೆದುರೇ ಆಡುತ್ತಿರುತ್ತಿದ್ದರಿಂದ ಎಡವಟ್ಟಾಗಲಿಲ್ಲ.

ಉಪೋಲಜ್ಜಿಯ ಮನೆಗೆ ಹೋದ ದಿನ ಮಾತ್ರ, ಅವಳ ಒಂದು ವರ್ಷದ ಮೊಮ್ಮಗಳು ಬೆಗಿಮಾಯ್ ನಮ್ಮ ರೂಢಿಯಂತೆ ಬಟ್ಟೆಪಟ್ಟಿಯಿಂದ ತೊಟ್ಟಿಲಿಗೆ ಬಿಗಿಸಿಕೊಂಡು ನಿದ್ದೆಹೋಗಿದ್ದಳು.

“ಹಿಡ್ಕೊಂಡು ನಿಲ್ತಾಳಾ, ಅಜ್ಜಿ?” ಎಂದಳು ಅಕ್ಕ.

“ಇಲ್ಲ ಕಣೇ. ಕೂರ್ಸಿದ್ರೂ ಉರುಳಿಬಿಡ್ತಾಳೆ.”

“ನಿಮ್ಮ ನಾಟಕ ನಂಗೊತ್ತಿಲ್ವಾ! ನಾಳೆ ಕುದುರೆ ಹತ್ತಿಸ್ತೀರಿ!”

ಅಕ್ಕ ನಗುತ್ತಲೇ ‘ಹೌದು’ ಒತ್ತಿದಳು. ಹಸಿರು ಬಂತು. ಮಗುವನ್ನು ಎಬ್ಬಿಸಲಿಲ್ಲ. ಎಬ್ಬಿಸೋಣ ಎಂದು ನಾನೂ ಅನ್ನಲಿಲ್ಲ. ಚಹಾ ಕುಡಿಯುತ್ತ ನಾನೂ ನಕ್ಕೆ.

ನಮ್ಮಲ್ಲಿ ಮಗು ಹೆಜ್ಜೆ ಇಟ್ಟರೆ ಅದರ ಕಾಲಿಗೆ ಕಪ್ಪು ಬಿಳಿ ದಾರ ಕಟ್ಟಿ, ಮಕ್ಕಳ ಓಟ ನಡೆಸಿ ಗೆದ್ದವರ ಕೈಯಿಂದ ಅದನ್ನು ಕತ್ತರಿಸಿ, ಊರಿಗೆ ಊಟ ಹಾಕುತ್ತಾರೆ. ಆಮೇಲಿನ ಏಳು ತಿಂಗಳಲ್ಲಿ ಇಂಥ ನಾಲ್ಕು ಊಟ ಉಂಡೆವು. ನಾಲ್ಕನೆಯದರಲ್ಲಿ ಅಕ್ಕ ತುತ್ತು ಕೈಯಲ್ಲೇ ಹಿಡಿದು ಕೇಳಿದಳು: “ಉಪೋಲಜ್ಜಿ ಮನೆಯಿಂದ ಇನ್ನೂ ಯಾಕೆ ಕರೆದಿಲ್ಲ?”

ಊಟ ಬಿಟ್ಟು ಓಡಿದೆವು. ಅಕ್ಕ ಬೆಗಿಮಾಯಳನ್ನು ಎತ್ತಿ ನಿಲ್ಲಿಸಲು ನೋಡಿದರೆ ಕಾಲು ನೆಲಕ್ಕೆ ಊರಲೇ ಇಲ್ಲ.

“ಆವತ್ತೇ ಹೇಳಿದ್ನಲ್ಲೇ” ಎಂದಳು ಅಜ್ಜಿ. “ನೀನು ನಕ್ಕೆ. ಆಮೇಲೆ ಹಸಿರು ಬಂತು ಅಂದೆ. ನನಗಿಂತ ಯಂತ್ರಕ್ಕೆ ಹೆಚ್ಚು ಗೊತ್ತಿರುತ್ತೆ ಅಂತ ಸುಮ್ಮನಾದೆ.”

ಅಕ್ಕ ಪರೀಕ್ಷೆ ಹೊಸದಾಗಿ ಶುರುಮಾಡಿದಳು. ನಿಲ್ಲುತ್ತಾಳೆಯೇ? ಇಲ್ಲ. ಕೂರುತ್ತಾಳೆಯೇ? ಇಲ್ಲ. ಪ್ರಶ್ನೆಗಳು ಇಳಿಯುತ್ತ ಇಳಿಯುತ್ತ ಕೂಸುಗಳ ಪ್ರಶ್ನೆಗೆ ಬಂದವು. ಬೋರಲು ಮಲಗಿಸಿದಾಗ ಬೆಗಿಮಾಯ್ ತಲೆ ಎತ್ತಿ ನಮ್ಮನ್ನು ನೋಡಿದಳು. ಅದೊಂದಕ್ಕೆ ಮಾತ್ರ ಅಕ್ಕ ‘ಹೌದು’ ಒತ್ತಿದಳು. ಕೆಂಪು ಬಂತು.

ಡಾಕ್ಟರಿಗೆ ಫೋನು ಮಾಡಿದಳು. ಹಿಂದೆ ಹಸಿರು ಬಂದದ್ದು ಹೇಗೆ ಎಂದು ಅವರು ಕೇಳಿರಬೇಕು.

“ಅಜ್ಜಿ ಇಲ್ಲ ಅಂದ್ಲು ಡಾಕ್ಟ್ರೇ. ನಾನೇ ಹೌದು ಅಂತ ಒತ್ತಿದ್ದು. ಮಗೂನ ನೋಡ್ಲೂ ಇಲ್ಲ.”

ಫೋನು ಇಟ್ಟವಳೇ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಉಪೋಲಜ್ಜಿ ಆಗಲೇ ಮಗುವಿಗೆ ಟೋಪಿ ಹಾಕಿ, ಶಾಲು ಸುತ್ತಿ ಅಕ್ಕನ ಮಡಿಲಿಗೆ ಹಾಕಿದಳು.

“ಏಳೇ. ಏಳು ತಿಂಗಳು ಹೋಯ್ತು. ಅಳೋದು ಆಸ್ಪತ್ರೆ ದಾರೀಲಿ ಅಳು.”