ಭಾವನ ಮನೆಯಲ್ಲಿ ಇನ್ನೊಬ್ಬಳು

ನನ್ನ ಭಾವ ಭೂತಪ್ಪ ನಾಟಕ ಆಡುತ್ತಿದ್ದಾರೆ ಎಂದೇ ನಾನು ಮೂರು ತಿಂಗಳು ನಂಬಿದ್ದೆ. ಮೂವತ್ತೊಂದು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು, ನನ್ನ ಅಕ್ಕ ಉಚ್ಚಂಗಿಯನ್ನು, ಎದುರಿಗೆ ನಿಲ್ಲಿಸಿಕೊಂಡು "ನೀನ್ಯಾರಮ್ಮ? ನಮ್ಮ ಉಚ್ಚಂಗಿ ಎಲ್ಲಿ?" ಎಂದು ಕೇಳುವ ಗಂಡಸನ್ನು ಯಾರು ತಾನೇ ನಂಬುತ್ತಾರೆ?

ಭಾವ ಭದ್ರಾವತಿಯಲ್ಲಿ ಕುಲುಮೆ ಮುಂದೆ ದುಡಿದು ನಿವೃತ್ತರಾದವರು. ಯುಗಾದಿ ಮುಗಿದ ಮರುವಾರ ಸ್ಕೂಟರ್ ಜಾರಿ ತಲೆಗೆ ಪೆಟ್ಟಾಯಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಇದು ಶುರುವಾಯಿತು. ನನ್ನನ್ನು "ಬಾ ವೇದಾ" ಎಂದು ಕರೆದರು. ಪಕ್ಕದ ಮನೆ ಜಯಪ್ಪನ ನಾಯಿಯ ಹೆಸರೂ ನೆನಪಿತ್ತು. ಅಕ್ಕನನ್ನು ಮಾತ್ರ ಮೇಲಿಂದ ಕೆಳಗೆ ನೋಡಿ ಗೋಡೆ ಕಡೆ ತಿರುಗಿದರು.

"ಮುಖ ಅವಳದ್ದೇ. ಮಚ್ಚೇನೂ ಅದೇ ಜಾಗದಲ್ಲಿ ಇಟ್ಕೊಂಡಿದಾಳೆ. ಚೆನ್ನಾಗಿ ಕಲ್ತು ಬಂದಿದಾಳೆ ಮಾರಾಯ್ತಿ," ಎಂದು ನನ್ನ ಕಿವಿಯಲ್ಲಿ ಹೇಳಿದರು.

ಅಕ್ಕ ಬಡಿಸಿದ ಅನ್ನವನ್ನು ಮೂಸಿ ನೋಡುವುದು, ಬೀರುವಿನ ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುವುದು, ಅವಳು ಕಸ ಗುಡಿಸಿದರೆ ಹಿಂದೆ ಹಿಂದೆಯೇ ಹೋಗುವುದು! ನನಗೆ ಮೈಯೆಲ್ಲ ಉರಿಯುತ್ತಿತ್ತು. ಇವರಿಗೆ ಬೇರೆ ಯಾರದೋ ಸಂಬಂಧ ಇದೆ, ಅಕ್ಕನನ್ನು ಓಡಿಸಲು ಈ ಆಟ ಎಂದುಕೊಂಡು ಅವರ ಮೊಬೈಲನ್ನೂ ಕದ್ದು ನೋಡಿದೆ. ಗ್ಯಾಸ್ ಬುಕ್ಕಿಂಗ್ ಮೆಸೇಜು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ.

ಅಕ್ಕನದು ಎಲ್ಲವನ್ನೂ ನುಂಗಿಕೊಳ್ಳುವ ಸ್ವಭಾವ. ಭಾವ ಯಾವ ಶಿಫ್ಟ್ ಮುಗಿಸಿ ಬಂದರೂ ಬಿಸಿ ಮುದ್ದೆ ಇಟ್ಟವಳು ಈಗ ಅಡುಗೆಮನೆಯಲ್ಲೇ ಚಾಪೆ ಹಾಸಿಕೊಂಡಳು. ಒಮ್ಮೆ ಬಲವಂತವಾಗಿ ಗೋಪಾಳ ಬಡಾವಣೆಯ ನಮ್ಮ ಮನೆಗೆ ಕರೆತಂದೆ. ಸಂಜೆಯಾಗುವುದರೊಳಗೆ ಮನಸ್ಸು ತಡೆಯದೆ ಭಾವನಿಗೆ ಫೋನ್ ಮಾಡಿದಳು. ಆ ಕಡೆಯಿಂದ ಭಾವ ಅತ್ತೇಬಿಟ್ಟರು. "ಉಚ್ಚಂಗೀ! ಎಲ್ಲಿಗ್ ಹೋಗಿದ್ದೆ ಇಷ್ಟ್ ದಿನ?"

ಫೋನಿನಲ್ಲಿ ಸಿಗುವ ಗುರುತು ಎದುರಿಗೆ ಯಾಕೆ ಸಿಗುವುದಿಲ್ಲ? ನನಗೆ ಅನುಮಾನ ಇನ್ನೂ ಗಟ್ಟಿಯಾಯಿತು. ಸವಳಂಗ ರಸ್ತೆಯ ಮೆದುಳಿನ ಡಾಕ್ಟರ ಮುಂದೆ ನೇರವಾಗಿಯೇ ಕೇಳಿದೆ.

"ನಾಟಕ ಅಲ್ಲಮ್ಮ," ಎಂದರು ಅವರು. "ಮುಖ ಗುರುತಿಸೋ ಜಾಗ ಒಂದು, ಗುರುತಿಸಿದ ಮೇಲೆ 'ಇವಳು ನನ್ನವಳು' ಅಂತ ಪ್ರೀತಿ ಹುಟ್ಟಿಸೋ ಜಾಗ ಇನ್ನೊಂದು. ನಡುವಿನ ದಾರಿಗೆ ಪೆಟ್ಟಾಗಿದೆ. ಹೆಂಡತಿ ಮುಖ ಕಾಣುತ್ತೆ, ಆದ್ರೆ ಒಳಗೆ ಏನೂ ಅನ್ಸಲ್ಲ. ಹಾಗಾದ್ರೆ ಇವಳು ಬೇರೆ ಯಾರೋ ಅಂತ ಮೆದುಳು ತೀರ್ಮಾನ ಮಾಡುತ್ತೆ. ಕಿವಿಯಿಂದ ಹೋಗೋ ದಾರಿ ಸರಿಯಾಗಿದೆ. ಮುಖ ಎದುರಿಗಿಲ್ದೆ ದನಿ ಮಾತ್ರ ಕೇಳಿದ್ರೆ ಅವಳೇ ಅಂತ ಅನ್ಸುತ್ತೆ."

ಕಣ್ಣಿಗೊಂದು ದಾರಿ, ಕಿವಿಗೊಂದು ದಾರಿಯಂತೆ! ನಾನು ತಲೆಯಾಡಿಸಿದೆ, ನಂಬಲಿಲ್ಲ.

ಹೋದ ಸೋಮವಾರ ಭಾವ ಅಕ್ಕನಿಗೆ ಖಡಾಖಂಡಿತವಾಗಿ ಹೇಳಿದರು. "ಇವತ್ತು ಜಾಗ ಖಾಲಿ ಮಾಡು. ಇಲ್ಲಾಂದ್ರೆ ಪೊಲೀಸರನ್ನ ಕರೀತೀನಿ."

ನಾನೇ ಅವಳ ಸೀರೆಗಳನ್ನು ಬ್ಯಾಗಿಗೆ ತುಂಬಿದೆ. "ನಡಿಯಕ್ಕ, ಸಾಕು ಈ ಮನೆ ಋಣ," ಎಂದೆ. ಅಕ್ಕ ಮೊಬೈಲ್ ಹಿಡಿದು ಹಿತ್ತಲಿಗೆ ಹೋದಳು. ಭಾವನ ಫೋನ್ ಹೊಡೆದುಕೊಂಡಿತು. ಕಾರ್ಖಾನೆಯ ಸದ್ದಿಗೆ ಕಿವಿ ಮಂದವಾಗಿರುವುದರಿಂದ ಅವರು ಯಾವಾಗಲೂ ಸ್ಪೀಕರ್ ಹಾಕುತ್ತಾರೆ. ನಾನು ಅವರ ಮುಖವನ್ನೇ ನೋಡುತ್ತಾ ಕೂತೆ, ಕಳ್ಳತನ ಎಲ್ಲಿ ಇಣುಕುತ್ತದೋ ಎಂದು.

"ರೀ, ನಾನು."

ಭಾವನ ಮುಖ ಅರಳಿತು. "ಬಾರೇ ಬೇಗ. ಅವಳಿಗೆ ಹೋಗು ಅಂದಿದೀನಿ." ಆಮೇಲೆ ದನಿ ತಗ್ಗಿಸಿದರು. "ಆದ್ರೂ ಮನೇಲಿದ್ದ ಹೆಣ್ಮಗಳು. ಬರೀ ಕೈಲಿ ಹೆಂಗ್ ಕಳ್ಸೋದು? ಅರಿಶಿನ ಕುಂಕುಮ ಕೊಡೋಕೆ ನೀನಿಲ್ವಲ್ಲ. ನೀನೇ ಬಂದು ಒಂದು ರವಿಕೆ ಕಣ ಕೊಟ್ಟು ಕಳ್ಸು."

ಅದು ನಾಟಕವಲ್ಲ. ನನಗೆ ನಾಚಿಕೆಯಾಯಿತು. ಕಿಟಕಿಯಾಚೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ನಾನು ಬರೋದು ತಡ ಆಗುತ್ತೆ ರೀ," ಎಂದಳು ಕೊನೆಗೆ. "ಅಲ್ಲೀತನಕ ಅವಳು ಇರಲಿ ಬಿಡಿ."

"ನಂಬಬಹುದಾ ಅವಳನ್ನ?"

"ನಂಬಿ. ನನಗೆ ಗೊತ್ತಿರೋಳೇ."

ಭಾವ ಉಡಿದಾರದ ಕೀಲಿಕೈಯನ್ನು ಮುಟ್ಟಿ ನೋಡಿಕೊಂಡರು. "ನೀನು ಹೇಳ್ತಿದೀಯ ಅಂತ ಒಪ್ಕೋತೀನಿ."

ಅಕ್ಕ ಕಣ್ಣೊರೆಸಿಕೊಂಡು ಒಳಗೆ ಬಂದಳು. ಭಾವ ಅವಳ ಮುಖ ನೋಡಲಿಲ್ಲ.

"ನಮ್ಮನೆಯವಳು ಹೇಳಿದಾಳೆ. ಇರಮ್ಮ," ಎಂದು ತಟ್ಟೆ ಮುಂದೆ ಸರಿಸಿದರು. ಅಕ್ಕ ಅನ್ನ ಬಡಿಸಿದಳು. ಅವತ್ತು ಭಾವ ಮೂಸಿ ನೋಡದೆ ಊಟ ಮಾಡಿದರು.