ಹೆಸರು ಕಡಿಮೆ ಮಾಡಿಸುವ ಉಳವಪ್ಪ

ಹಳಿಯಾಳದ ಬಸ್ ಸ್ಟ್ಯಾಂಡಿನ ಹಿಂದೆ ಸಭೆ, ಮದುವೆಗಳಲ್ಲಿ ಗೋಡೆಯ ಮೇಲೆ ಹೆಸರು ಮೂಡಿಸುವ ಲೇಸರ್ ಲೈಟು ರಿಪೇರಿ ಮಾಡುವ ಉಳವಪ್ಪನ ಮುಂದೆ ಯಾರೇ ಮಷಿನ್ ತಂದಿಟ್ಟರೂ ಅವನು ಮೊದಲು ಸ್ಕ್ರೂ ಬಿಚ್ಚುವುದಿಲ್ಲ, "ಗ್ವಾಡಿ ಮ್ಯಾಲೆ ಏನ್ ಬರಸೀರಿ?" ಎಂದು ಕೇಳುತ್ತಾನೆ. ಆಮೇಲೆ, ಉಗುರಿನಷ್ಟಗಲದ ಎರಡು ಕನ್ನಡಿಗಳನ್ನು ಅಲುಗಾಡಿಸಿ ಬೆಳಕಿನಲ್ಲಿ ಅಕ್ಷರ ಬರೆಯುವ ಆ ಪುಟ್ಟ ಮೋಟಾರುಗಳನ್ನು, ಕೂಸಿನ ಜ್ವರ ನೋಡಿದ ಹಾಗೆ, ಬೆರಳ ಹಿಂಬದಿಯಿಂದ ಮುಟ್ಟಿ ನೋಡುತ್ತಾನೆ. "ಮಾಲು ಡುಪ್ಲಿಕೇಟ್ ಐತೇನು?" ಎಂದರೆ ಸಿಡುಕುತ್ತಾನೆ: "ಮಾಲ್ ಬರೋಬರಿ ಐತ್ರಿ. ನಿಮ್ಮ ಸಾಹೇಬರ ಹೆಸರಿನ ಹಿಂದಮುಂದ ಆರು ಬಿರುದು. ಅಷ್ಟೂ ಅಕ್ಷರಾ ಗ್ವಾಡಿ ತುಂಬ ಬರ್ಯಾಕ ಕನ್ನಡಿ ಎಷ್ಟಂತ ಕುಣೀಬೇಕು? ಹೆಸರು ಕಡಿಮಿ ಮಾಡ್ರಿ, ತಣ್ಣಗ ಆಕ್ಕೈತಿ." ಮುಂಡಗೋಡದಿಂದ ಜೋಯಿಡಾದವರೆಗೆ ಈ ಮಾತಿಗೆ ಮುನಿಸಿಕೊಳ್ಳದ ಮುಖಂಡನಿಲ್ಲ, ಆದರೂ ಬೇರೆ ರಿಪೇರಿಯವನಿಲ್ಲದ್ದರಿಂದ ಮತ್ತೆ ಬರುತ್ತಾರೆ. ಹೋದ ವರ್ಷ ದಾಂಡೇಲಿಯಲ್ಲಿ ಅವನ ಮಗಳ ಮದುವೆಯಾದಾಗ ಮಷಿನ್ ಅವನದೇ ಇತ್ತು. ಕಲ್ಯಾಣಮಂಟಪದ ಗೋಡೆಯ ಮೇಲೆ ಅಳಿಯನ ಹೆಸರು, ಅಳಿಯನ ತಂದೆ, ಅಜ್ಜ, ಮನೆತನ, ಕೊನೆಗೆ ಮಗಳು ಸುವರ್ಣಾ. ಅಕ್ಷರಗಳು ನಡುಗತೊಡಗಿದಾಗ ಮೋಟಾರು ಮುಟ್ಟಲಾರದಷ್ಟು ಕಾದಿತ್ತು. ಬೀಗರು ಗೋಡೆಯನ್ನೇ ನೋಡುತ್ತಿದ್ದರು. ಅವರ ಹೆಸರು ತೆಗೆಯುವ ಧೈರ್ಯ ಉಳವಪ್ಪನಿಗೆ ಬರಲಿಲ್ಲ, ಮಗಳದ್ದನ್ನು ಅಳಿಸಿದ. "ಅಪ್ಪಾ, ತೆಗ್ಯಾಕ ನಂದ ಹೆಸರು ಸಿಕ್ತೇನ ನಿನಗ?" ಎಂದಳು ಅವಳು, ನಗುತ್ತಲೇ. ಈಗ ಯಾರ ಮಷಿನ್ ರಿಪೇರಿಯಾದರೂ ಶಟರ್ ಅರ್ಧ ಎಳೆದು, ಅಂಗಡಿಯ ಗೋಡೆಯ ಮೇಲೆ ಸುವರ್ಣಾ ಎಂದಷ್ಟೇ ಬರೆಸಿ ಅರ್ಧ ತಾಸು ಬಿಡುತ್ತಾನೆ. ಆಮೇಲೆ ಬೆರಳ ಹಿಂಬದಿಯಿಂದ ಮುಟ್ಟುತ್ತಾನೆ. ಆ ಹೆಸರಿಗೆ ಮೋಟಾರು ಇದುವರೆಗೆ ಒಮ್ಮೆಯೂ ಬಿಸಿಯಾಗಿಲ್ಲ.